ಹಳೆ ಸೂಜಿಗಳು ಹೋದ ಮನೆಗಳು

ಹೊಲಿಗೆ ಮಿಷನ್ನಿನ ಸೂಜಿ ಮುರಿಯುವಾಗ ಬರುವ ಸದ್ದು ಬಹಳ ಸಣ್ಣದು. ಸ್ಟೀಲ್ ತಟ್ಟೆಯ ಅಂಚನ್ನು ಉಗುರಿನಿಂದ ಒಮ್ಮೆ ಗಟ್ಟಿಯಾಗಿ ಚಿಮ್ಮಿದರೆ ಎಷ್ಟೋ ಅಷ್ಟೇ. ಕಳೆದ ತಿಂಗಳು ಶಿವಮೊಗ್ಗದ ಒಂದು ದರ್ಜಿ ಅಂಗಡಿಯಲ್ಲಿ ಅಳತೆ ಕೊಡಲು ನಿಂತಿದ್ದಾಗ ಆ ಸದ್ದು ಕೇಳಿತು. ದರ್ಜಿ ತಲೆ ಎತ್ತಲಿಲ್ಲ. ತಿರುಪು ಸಡಿಲಿಸಿ, ಸೂಜಿಯ ಉಳಿದ ಅರ್ಧವನ್ನು ಕಿತ್ತು, ಬಾಗಿಲಿನಾಚೆ ಚರಂಡಿಯ ಕಡೆ ಎಸೆದ. ಹೊಸ ಸೂಜಿ ಸಿಕ್ಕಿಸಿ ಮತ್ತೆ ತುಳಿಯತೊಡಗಿದ. "ಮುರಿದ ತುದಿ ಎಲ್ಲಿ ಬಿತ್ತು ಅಂತ ನೋಡಿದಿರಾ?" ಎಂದು ನಾನು ಕೇಳಿದೆ. ಅಪರಿಚಿತರೊಡನೆ ಹೀಗೆ ಮಾತಿಗಿಳಿಯುವವಳು ನಾನಲ್ಲ. ಅವನು ನನ್ನನ್ನು ಒಮ್ಮೆ ನೋಡಿ, ಬಟ್ಟೆಯಲ್ಲಿ ಇದ್ದರೆ ಒಗೆಯುವಾಗ ಬೀಳುತ್ತದೆ ಬಿಡಿ ಎಂದ. ನನಗೆ ಬಂದ ಸಿಟ್ಟು ಆ ತುದಿಯ ಗಾತ್ರಕ್ಕೆ ಏನೇನೂ ಹೊಂದುವಂಥದ್ದಾಗಿರಲಿಲ್ಲ. ಅಳತೆ ಕೊಡದೆ ಹೊರಗೆ ಬಂದೆ. ಬಸ್ ಸ್ಟ್ಯಾಂಡಿನವರೆಗೂ ನಡೆದ ಮೇಲೆ ತಿಳಿಯಿತು, ಆ ಸಿಟ್ಟು ನನ್ನದಲ್ಲ, ಅಮ್ಮನದು. ಅದು ಜೋಗದ ಕ್ವಾರ್ಟರ್ಸಿನ ಒಂದು ಕಿಟಕಿಯ ಪಕ್ಕದಿಂದ, ಇಷ್ಟು ವರ್ಷ ದಾಟಿ, ಹಾಗೇ ಬಂದಿತ್ತು.

ಅಪ್ಪ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆ ಕ್ವಾರ್ಟರ್ಸಿನ ಸಾಲಿನಲ್ಲಿ ಕೊನೆಯದು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಸೈಕಲ್ ನಿಲ್ಲಿಸುವಷ್ಟು ಜಗಲಿ. ಮುಂದಿನ ಕೋಣೆಯ ಕಿಟಕಿಗೆ ತಾಗಿಸಿ ಅಮ್ಮನ ತುಳಿಯುವ ಮಿಷನ್ ಇತ್ತು. ಆ ಕೋಣೆಗೆ ಯಾವಾಗಲೂ ಮಿಷನ್ ಎಣ್ಣೆ ಮತ್ತು ಹಳೆಯ ಹತ್ತಿ ಬಟ್ಟೆಯ ವಾಸನೆ. ಹಳೆಯ ಹತ್ತಿಗೆ ಒಂದು ಸಿಹಿ ವಾಸನೆ ಇರುತ್ತದೆ. ಎಷ್ಟೋ ಸಲ ಒಗೆದು, ಉಟ್ಟು, ಒಣಗಿಸಿ, ಸೋಪೂ ಬಣ್ಣವೂ ಎಲ್ಲ ಹೋದ ಮೇಲೆ ಉಳಿಯುವ ವಾಸನೆ. ಅಮ್ಮ ಕೌದಿ ಹೊಲಿಯುತ್ತಿದ್ದರು. ಮನೆಯ ಹರಿದ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ದೊಡ್ಡ ದೊಡ್ಡ ಕೈಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಕೂಡಿಸಿ, ಆಮೇಲೆ ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಮಿಷನ್ನಿನಲ್ಲಿ ಹೊಲಿಯುವುದು. ಕೌದಿಯನ್ನು ಕೈಯಲ್ಲೇ ಹೊಲಿಯಬೇಕೆಂದು ನಂಬಿದ್ದ ಅಜ್ಜಿಗೆ ಅದು ಸರಿಬರುತ್ತಿರಲಿಲ್ಲ. ಆದರೂ ನಾಲ್ಕು ಮೂಲೆಗಳ ಕೆಲಸ ಅಜ್ಜಿಯದೇ. ಬಟ್ಟೆಯ ಚೂರನ್ನು ತ್ರಿಕೋನವಾಗಿ ಮಡಚಿ, ಮೂಲೆಗೆ ಸೇರಿಸಿ, ಕಾಣದ ಹಾಗೆ ಹೊಲಿಯುತ್ತಿದ್ದರು. ಮೂಲೆ ಇಲ್ಲದ ಕೌದಿ ಬರೀ ಒರೆಸೋ ಬಟ್ಟೆ ಎನ್ನುವುದು ಅವರ ಮಾತು.

ಕೌದಿ ಹೊಲಿದವರಿಗೆ ಗೊತ್ತು, ಅದರ ದಪ್ಪಕ್ಕೆ ಸೂಜಿ ಬಾಳಿಕೆ ಬರುವುದಿಲ್ಲ. ಅಮ್ಮ ಪ್ರತಿ ಕೌದಿಗೂ ಹೊಸ ಸೂಜಿ ಹಾಕುತ್ತಿದ್ದರು, ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ. ನಡುವೆ ಹೊಲಿಗೆಯ ಸದ್ದು ಬದಲಾದರೆ, ಬಟ್ಟೆಯನ್ನು ಚುಚ್ಚುವ ಸದ್ದು ಹೋಗಿ ಗುದ್ದುವ ಸದ್ದು ಬಂದರೆ, ಅಲ್ಲಿಗೇ ಕಾಲು ನಿಲ್ಲಿಸುತ್ತಿದ್ದರು. ಸೂಜಿಯನ್ನು ಕಳಚಿ, ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. ಗೆರೆ ಬಿದ್ದರೆ ಮೊನೆ ಮಡಚಿದೆ ಎಂದು ಅರ್ಥ. ಹೊಸದರ ಚಪ್ಪಟೆ ಮೈಯನ್ನು ಸರಿಯಾದ ಕಡೆಗೆ ತಿರುಗಿಸಿ, ತಡೆಯುವವರೆಗೂ ಮೇಲಕ್ಕೆ ತಳ್ಳಿ, ತಿರುಪು ಬಿಗಿಮಾಡಿ, ತುಳಿಯುವ ಮೊದಲು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದರು. ತೆಗೆದ ಸೂಜಿ ಒಂದು ಖಾಲಿ ಪೌಡರ್ ಡಬ್ಬಿಗೆ ಹೋಗುತ್ತಿತ್ತು. ಅದರ ಮುಚ್ಚಳದ ಒಂದು ತೂತನ್ನು ಮೊಳೆಯಿಂದ ದೊಡ್ಡದು ಮಾಡಿದ್ದರು. ಒಳಗೆ ಬಿದ್ದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಡಬ್ಬಿ ತುಂಬಿದಾಗ ಅಪ್ಪ ಅದನ್ನು ಕೆಲಸದ ಜಾಗದ ಗುಜರಿ ಕಬ್ಬಿಣದ ಪೆಟ್ಟಿಗೆಗೆ ಸುರಿದು ಖಾಲಿ ಡಬ್ಬಿ ವಾಪಸ್ ತರಬೇಕು. ಮುರಿದ ಸೂಜಿಯಾದರೆ ಎರಡೂ ತುಂಡು ಸಿಗುವವರೆಗೆ ಆ ಕೋಣೆಯಲ್ಲಿ ಯಾರೂ ಓಡಾಡುವ ಹಾಗಿಲ್ಲ. ಇದಕ್ಕೆಲ್ಲ ಕಾರಣ ನನ್ನ ಎಡ ಮೊಣಕಾಲಿನಲ್ಲಿದೆ. ನಾನು ಅಂಬೆಗಾಲಿಡುತ್ತಿದ್ದಾಗ ಮುರಿದ ತುದಿಯೊಂದು ಒಳಗೆ ಹೋಗಿ, ಕೀವಾಗಿ, ಸಾಗರದ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯಬೇಕಾಯಿತಂತೆ. ಆ ತುದಿ ಮುರಿದ ದಿನ ಅಮ್ಮ ಅದನ್ನು ಹುಡುಕಿರಲಿಲ್ಲ. ಆಮೇಲೆ ಹುಡುಕದೆ ಬಿಟ್ಟ ದಿನವಿಲ್ಲ.

ಅಜ್ಜಿ, ಅಪ್ಪನ ತಾಯಿ, ಬ್ಯಾಕೋಡಿನ ಕಡೆಯವರು. ಅವರ ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಮಗನ ಕ್ವಾರ್ಟರ್ಸಿಗೆ ಬಂದಿದ್ದರು. ಅಪ್ಪನಿಗಿಂತ ಮೊದಲು ಅವರಿಗೆ ಎರಡು ಮಕ್ಕಳಾಗಿ, ಎರಡೂ ಹಲ್ಲು ಬರುವ ಮೊದಲೇ ಹೋಗಿದ್ದವು. ಎಳೆ ಮಗುವಿನ ಹತ್ತಿರ ಕಬ್ಬಿಣ ಇರಬೇಕು, ಅದೂ ದುಡಿದ ಕಬ್ಬಿಣ, ಕೆಲಸಕ್ಕೆ ಬಳಸಿ ಸವೆದದ್ದು, ಆಗಬೇಕು ಎಂದು ಅಜ್ಜಿ ನಂಬಿದ್ದರು. ನಿಮ್ಮ ಮನೆಗಳಲ್ಲೂ ತೊಟ್ಟಿಲಿನ ದಿಂಬಿನಡಿ ಕತ್ತಿಯೋ ಬೀಗದ ಕೈಯೋ ಇದ್ದಿರಬಹುದು. ನನ್ನ ತೊಟ್ಟಿಲಿನಲ್ಲಿ ಅಜ್ಜಿ ಅಡಕತ್ತರಿ ಇಟ್ಟರಂತೆ, ಅಮ್ಮ ತೆಗೆದು ಅಡುಗೆಮನೆಯಲ್ಲಿ ಇಟ್ಟರಂತೆ, ಮಾರನೆಯ ದಿನ ಅದು ಮತ್ತೆ ತೊಟ್ಟಿಲಿನಲ್ಲಿ. ಅಪ್ಪ ಇದನ್ನು ತಮಾಷೆಯಾಗಿ ಹೇಳುತ್ತಿದ್ದರು. ಅವರಿಬ್ಬರು ಜಗಳವಾಡಿದ್ದನ್ನು ನಾನು ನೋಡಿಲ್ಲ. ಅವರು ಸಾಮಾನುಗಳ ಜಾಗ ಬದಲಾಯಿಸುತ್ತಿದ್ದರು, ಅಷ್ಟೇ.

ನಾನು ಪ್ರೈಮರಿ ಶಾಲೆಯಲ್ಲಿದ್ದ ವರ್ಷ, ಅಪ್ಪನ ತಂಗಿ ಗಿರಿಜತ್ತೆ ಹೊಸನಗರದಿಂದ ಹೆರಿಗೆಗೆ ಬಂದರು. ಅವರ ಮೊದಲ ಮಗು ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಎಲ್ಲರೂ ಗಿರಿಜತ್ತೆಯ ಮುಂದೆ ಸ್ವಲ್ಪ ಮೆಲ್ಲಗೆ ನಡೆಯುತ್ತಿದ್ದರು. ಬರುವ ಮಗುವಿಗೆಂದು ಅಮ್ಮ ಒಂದು ಪುಟ್ಟ ಕೌದಿ ಹಾಸಿ, ಕೈಹೊಲಿಗೆಯಲ್ಲಿ ಕೂಡಿಸಿದರು. ತಮ್ಮ ಸೀರೆಗಳಲ್ಲಿ ಅತಿ ಮೆತ್ತಗಿದ್ದದ್ದು, ಅಪ್ಪನ ಪಂಚೆ, ನಡುವೆ ಅಜ್ಜಿಯ ಒಂದು ಸೀರೆ. ಅಜ್ಜಿ ಕೂಡಲೇ ಕೂತು ನಾಲ್ಕೂ ಮೂಲೆ ಮುಗಿಸಿಬಿಟ್ಟರು. ಅಷ್ಟು ಬೇಗ ಅವರು ಯಾವ ಕೌದಿಯ ಮೂಲೆಯನ್ನೂ ಮುಗಿಸಿರಲಿಲ್ಲ. ಆದರೆ ಮಿಷನ್ನಿನ ಸೂಜಿ ಸವೆದಿತ್ತು, ಮನೆಯಲ್ಲಿ ಹೊಸದು ಇರಲಿಲ್ಲ, ಕೌದಿಗೆ ಬೇಕಾದ ದಪ್ಪ ಸೂಜಿ ಜೋಗದ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಬಸುರಿಯನ್ನು ಬಿಟ್ಟು ಅಮ್ಮ ಸಾಗರಕ್ಕೆ ಹೋಗುವ ಹಾಗಿರಲಿಲ್ಲ. ಅಪ್ಪನನ್ನು ಕಳಿಸಿದರು.

ಅಪ್ಪ ಪಾಳಿ ಮುಗಿಸಿ ಬಸ್ಸು ಹತ್ತಿ ಸಾಗರ ತಲುಪುವಾಗ ಅಂಗಡಿಗಳಲ್ಲಿ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಸೂಜಿ ಮಾರುವುದಿಲ್ಲ. ಅಂಗಡಿಯವನು ಬಹಳ ಮರ್ಯಾದೆಯಿಂದ ಕೈಮುಗಿದು, ಬೆಳಿಗ್ಗೆ ಬನ್ನಿ ಎಂದನಂತೆ. ದಾರ ಕೊಡುತ್ತೇನೆ, ಗುಂಡಿ ಕೊಡುತ್ತೇನೆ, ಎಣ್ಣೆ ಕೊಡುತ್ತೇನೆ, ಸೂಜಿ ಮಾತ್ರ ಕೇಳಬೇಡಿ ಎಂದನಂತೆ. ಅಪ್ಪ ಒಂದು ಬಾಟಲಿ ಎಣ್ಣೆ ಹಿಡಿದುಕೊಂಡು ಬಂದರು. ಅಮ್ಮ ಬಾಟಲಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ನಾಡಿಗೆಲ್ಲ ಕರೆಂಟು ಕೊಡೋರು ನೀವು. ಅಂಗಡಿಯವ ದೀಪ ಹಚ್ಚಿದ ಅಂತ ಸೂಜಿ ಬಿಟ್ಟು ಬಂದ್ರಾ?"

"ಅವನ ಲಕ್ಷ್ಮಿ ಹೋಗ್ತಾಳಂತೆ ಮಾರಾಯ್ತಿ. ನಾ ಎಂತ ಮಾಡ್ಲಿ?"

"ಅವನ ಲಕ್ಷ್ಮಿ ಒಂದು ಸೂಜಿ ಮೇಲೆ ಕೂತಿದಾಳಾ?"

ಒಳಗಿನಿಂದ ಅಜ್ಜಿ, ಅವ ಸರಿಯಾಗೇ ಹೇಳಿದ್ದು ಎಂದರು. ಗಿರಿಜತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗೆ ನೆನಪಿದೆ. ಆ ತಿಂಗಳುಗಳಲ್ಲಿ ಅವರು ನಕ್ಕದ್ದು ಅಪರೂಪ. ಇನ್ನೊಂದು ವಾರ ಅಪ್ಪ ಮತ್ತೆ ಹೋದರು. ಬಸ್ಸು ಹೊರಡುವುದೇ ತಡವಾಯಿತು, ಮತ್ತೆ ದೀಪ ಹಚ್ಚಿತ್ತು, ಈ ಸಲ ಗುಂಡಿಗಳು ಬಂದವು. ರಜೆಯ ದಿನ ಹೋದರೆ ಅಂಗಡಿಗೇ ಬೀಗ. ಅಷ್ಟರಲ್ಲಿ ಲೆಕ್ಕಕ್ಕಿಂತ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು, ಸಣ್ಣದು, ಆದರೆ ಗಟ್ಟಿಯಾಗಿ ಅಳುತ್ತಿತ್ತು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಅಮ್ಮ ತಮ್ಮ ನಿಯಮ ಮುರಿದು ಸವೆದ ಸೂಜಿಯಲ್ಲೇ ಹೊಲಿಯತೊಡಗಿದರು. ತುಳಿಯುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಕಲ್ಲಿರುವ ಅನ್ನ ಅಗಿಯುವವರ ಹಾಗೆ, ಪ್ರತಿ ಹೊಲಿಗೆಗೂ ಕಾಯುತ್ತಿದ್ದರು.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ಆ ಸದ್ದು ಬಂತು. ಅಮ್ಮ ಕಾಲೆತ್ತಿ ಬಗ್ಗಿ ನೋಡಿದರು. ಮೇಲಿನ ತುಂಡು ಮಿಷನ್ನಿನಲ್ಲೇ ಇತ್ತು, ತುದಿ ಇರಲಿಲ್ಲ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ನೆಲವನ್ನು ಹಿಟ್ಟಿನ ಹಲಗೆ ಒರೆಸಿದ ಹಾಗೆ ಒರೆಸಿದರು. ಕೆಳಗಿನ ದಾರದ ಬಾಬಿನ್ ತೆಗೆದು ಊದಿದರು. ಸಿಗಲಿಲ್ಲ. ಆಮೇಲೆ ಕೌದಿಯನ್ನು ಮಂಚದ ಮೇಲೆ ಹರಡಿ, ಬೆರಳ ತುದಿಯಲ್ಲಿ ಒಂದೊಂದೇ ಅಂಗುಲ ಒತ್ತಿ ನೋಡುತ್ತಾ ಹೋದರು. ಅಜ್ಜಿ ಒಳಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಆ ತುದಿ ಅಲ್ಲೆಲ್ಲೋ ನೆಲದಲ್ಲೇ ಬಿದ್ದಿರ್ತದೆ, ಕೌದಿ ಬಿಡು ಎಂದು ಎರಡು ಮೂರು ಸಲ ಹೇಳಿದರು. ಅಮ್ಮ ಬಿಡಲಿಲ್ಲ. ಕೊನೆಗೆ ಒಂದು ಮೂಲೆಯ ಮಡಿಕೆಯಲ್ಲಿ ಅವರ ಬೆರಳು ನಿಂತಿತು. ಸಿಕ್ಕಿತು ಎಂದರು. ಅವರ ಉಸಿರು ಇಳಿದದ್ದು ನನಗೂ ಕಂಡಿತು. ಕತ್ತರಿಯಿಂದ ಮೂಲೆಯ ಹೊಲಿಗೆ ಬಿಚ್ಚಿ ಬೆರಳು ಹಾಕಿ ಎಳೆದರು. ಬಂದದ್ದು ಮುರಿದ ತುದಿಯಲ್ಲ. ಒಂದು ಇಡೀ ಸೂಜಿ, ಮಿಷನ್ನಿನದು, ಹಳೆಯದು. ಹತ್ತಿ ಬಟ್ಟೆಯ ಚೂರಿನಲ್ಲಿ ಸುತ್ತಿ, ದಾರ ಬಿಗಿದು ಕಟ್ಟಿದ್ದು.

ಅಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಿಯ ಕಡೆ ತಿರುಗಿದರು. "ಇದು ಇಲ್ಲಿಗೆ ಹೆಂಗೆ ಬಂತು, ಅತ್ತೆ?"

"ನಾನೇ ಇಟ್ಟಿದ್ದು. ಮೊನೆ ಮಡಚಿ, ಬಟ್ಟೆ ಸುತ್ತಿ ಇಟ್ಟಿದೀನಿ. ಎಂತದೂ ಆಗ್ತಿರ್ಲಿಲ್ಲ."

"ಮಗು ಮಲಗೋ ಜಾಗ ಇದು."

"ಅದಕ್ಕೇ ಇಟ್ಟಿದ್ದು." ಅಜ್ಜಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ತೊಟ್ಟಿಲಲ್ಲಿ ಇಟ್ರೆ ನೀನು ತೆಗೀತೀಯ. ಮುಂದೆ ಹೊಸನಗರಕ್ಕೆ ಹೋಗೋ ಕೂಸು, ಅದ್ರ ಜೊತೆಗೇ ಹೋಗ್ಲಿ ಅಂತ. ನನ್ನ ಎರಡಕ್ಕೂ ನಾ ಎಂತದೂ ಇಟ್ಟಿರ್ಲಿಲ್ಲ, ಸಾವಿತ್ರಿ. ಆಗ ನಂಗೆ ಯಾರೂ ಹೇಳಿರ್ಲಿಲ್ಲ."

ಅಮ್ಮ ಸೂಜಿಗೆ ಸುತ್ತಿದ ದಾರ ಬಿಚ್ಚತೊಡಗಿದರು. ಆಗ ಅಜ್ಜಿ, ಸೊಸೆಗೆ ಧೈರ್ಯ ತುಂಬುವವರ ಹಾಗೆ, ಇದೇ ಮೊದಲಲ್ಲ, ಈ ಸಾಲಿನ ಎಷ್ಟೋ ಮಕ್ಕಳಿಗೆ ಕೊಟ್ಟಿದ್ದೇನೆ, ಒಂದಕ್ಕೂ ಚುಚ್ಚಿಲ್ಲ ಎಂದರು. ಅಮ್ಮ ಎದ್ದು ಕಪಾಟಿನ ಮೇಲಿದ್ದ ಪೌಡರ್ ಡಬ್ಬಿ ತೆಗೆದು ಅಲ್ಲಾಡಿಸಿದರು. ಎಲ್ಲೋ ಒಂದೆರಡು ಸೂಜಿಯ ಸದ್ದು ಬಂತು. ಡಬ್ಬಿ ತುಂಬದೇ ಇದ್ದದ್ದಕ್ಕೆ, ತಾವು ಸೂಜಿಯನ್ನು ಜೋಪಾನವಾಗಿ ಬಳಸುತ್ತಿರುವುದೇ ಕಾರಣ ಎಂದು ಅವರು ತಿಳಿದಿದ್ದರು. ಅಷ್ಟು ದಿನವೂ ಅಜ್ಜಿ ಮುಚ್ಚಳ ತಿರುಗಿಸಿ, ಬೇಕಾದಾಗ ಬೇಕಾದಷ್ಟು ತೆಗೆದುಕೊಂಡಿದ್ದರು. ಸೊಸೆ ಇಷ್ಟು ಭದ್ರವಾಗಿ ಎತ್ತಿಡುತ್ತಾಳೆಂದರೆ ಅದು ಇದಕ್ಕೇ ಇರಬೇಕು ಎಂದು ಮೊದಮೊದಲು ಅಂದುಕೊಂಡಿದ್ದರಂತೆ. ಸಾಲಿನ ಹೆಂಗಸರಿಗೂ ಅದು ಅನುಕೂಲವಾಗಿತ್ತು. ದಿಂಬಿನಡಿ ಕತ್ತಿ ಇಟ್ಟರೆ ಇಂಜಿನಿಯರರ ಹೆಂಡತಿಯರು ನಗುತ್ತಾರೆ. ಸೂಜಿ ಯಾರಿಗೂ ಕಾಣುವುದಿಲ್ಲ.

ಅದೇ ಮಧ್ಯಾಹ್ನ ಅಮ್ಮ ಡಬ್ಬಿ ಹಿಡಿದುಕೊಂಡು ಹೊರಟರು. ನಾನು ಹಿಂದೆ ಹೋದೆ. ಮನೆಮನೆಯ ಬಾಗಿಲಲ್ಲಿ ನಿಂತು, ನಮ್ಮ ಅತ್ತೆ ಕೊಟ್ಟ ಸೂಜಿ ಇದ್ದರೆ ವಾಪಸ್ ಕೊಡಿ ಎಂದು ಕೇಳುವುದು ಎಷ್ಟು ಕಷ್ಟವೆಂದು ಯೋಚಿಸಿ. ಅಮ್ಮ ಯಾರ ಮನೆಗೂ ಸಕ್ಕರೆ ಸಾಲ ಕೇಳಲೂ ಹೋದವರಲ್ಲ. ಪಕ್ಕದ ಮನೆಯ ಲೂಸಿಯಕ್ಕ ಮಾತ್ರ ನಗುತ್ತಾ ಮಗುವಿನ ದಿಂಬು ಬಿಚ್ಚಿದರು. "ಅದು ನಿಮ್ಮ ಮಿಷನ್ನಿಂದಾ? ನಾನು ಅಜ್ಜಿ ಊರಿಂದ ತಂದ ಬಹಳ ಹಳೇ ಐಟಂ ಅಂತ ಇಟ್ಕೊಂಡಿದ್ದೆ ಕಣ್ರೀ" ಎಂದರು. ಇನ್ನೊಬ್ಬರು ಕೊಡುವುದಕ್ಕೆ ಒಪ್ಪಿದರೂ ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದೆಂದು ಮೆಟ್ಟಿಲ ಮೇಲೆ ಇಟ್ಟರು. ಅಮ್ಮ ಬಗ್ಗಿ ಹುಡುಕಿ ಎತ್ತಿಕೊಳ್ಳಬೇಕಾಯಿತು. ಒಂದು ಸಂಸಾರ ವರ್ಗವಾಗಿ ತೀರ್ಥಹಳ್ಳಿಗೆ ಹೋಗಿಯಾಗಿತ್ತು, ಅವರ ಸೂಜಿಯೂ ಅವರೊಡನೆ ಹೋಗಿತ್ತು. ಎದುರು ಸಾಲಿನ ಶಾರದಕ್ಕ ಮಗನನ್ನು ಸೊಂಟದ ಮೇಲೆ ಹೊತ್ತು ಬಾಗಿಲಿಗೆ ಅಡ್ಡ ನಿಂತರು. "ಕೊಡೋದಿಲ್ಲ ಸಾವಿತ್ರಕ್ಕ. ಅದು ಬಂದ್ಮೇಲೆ ಇವ ಬೆಚ್ಚಿ ಬೀಳೋದು ಬಿಟ್ಟ. ತೆಗೆದ್ರೆ ಎಂತದೂ ಆಗಲ್ಲ ಅಂತ ನೀವು ಹೇಳ್ತೀರಾ? ನಿಮ್ಮ ಬಾಯಲ್ಲೇ ಹೇಳಿ ನೋಡೋಣ."

ಸೂಜಿ ಚುಚ್ಚಬಹುದು ಎಂದು ಅಮ್ಮ ಹೇಳಬಲ್ಲವರಾಗಿದ್ದರು. ಯಾವ ಮಗುವಿಗೂ ಏನೂ ಆಗುವುದಿಲ್ಲ ಎಂದು ಯಾರು ತಾನೇ ಹೇಳಬಲ್ಲರು? ಬೇಕಿದ್ದರೆ ಇವಳ ಮೊಣಕಾಲು ತೋರಿಸುತ್ತೇನೆ ಎಂದು ನನ್ನ ಲಂಗ ಎತ್ತಿ ಕಲೆ ತೋರಿಸಿದರು. ಶಾರದಕ್ಕ ನೋಡಿ, ಪಾಪ, ಎಂದರು. ಬಾಗಿಲಿನಿಂದ ಮಾತ್ರ ಸರಿಯಲಿಲ್ಲ. ಬೀದಿಯಲ್ಲಿ ನನ್ನ ಲಂಗ ಎತ್ತಿದ್ದಕ್ಕೆ ನನಗೆ ಬಂದ ಅಳು, ವಾಪಸ್ ಬರುವಾಗ ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದದ್ದು, ಇವು ಈಗಲೂ ನನ್ನಲ್ಲಿ ಒಟ್ಟಿಗೇ ಇವೆ.

ಮಗುವನ್ನು ಹಳೆಯ ಪಂಚೆಯ ಮೇಲೆ ತೊಟ್ಟಿಲಿಗೆ ಹಾಕಿದರು. ಮುಂದಿನ ವಾರ ಅಪ್ಪ ಅರ್ಧ ದಿನ ರಜೆ ಹಾಕಿ, ಬೆಳಗಿನ ಬಸ್ಸಿಗೆ ಹೋಗಿ, ಹಗಲಿನ ಬೆಳಕಿನಲ್ಲಿ ಸೂಜಿ ತಂದರು. ಅದನ್ನು ಹಾಕುವ ಮೊದಲು ಅಮ್ಮ ಮಿಷನ್ನಿನಲ್ಲಿ ಸೂಜಿ ಇಳಿಯುವ ತಗಡನ್ನು ಕಳಚಿದಾಗ, ಕೆಳಗೆ ನೂಲಿನ ಕಸ ಮತ್ತು ಎಣ್ಣೆಯ ಜಿಡ್ಡಿನ ನಡುವೆ ಮುರಿದ ತುದಿ ಸಿಕ್ಕಿತು. ಅದು ಕೌದಿಯೊಳಗೆ ಹೋಗಿಯೇ ಇರಲಿಲ್ಲ. ಆ ತಗಡನ್ನು ಮೊದಲೇ ತೆಗೆದು ನೋಡಿದ್ದರೆ, ಅಥವಾ ಸಾಗರದಲ್ಲಿ ಅಂಗಡಿಯವನು ದೀಪ ಹಚ್ಚುವುದು ಸ್ವಲ್ಪ ತಡವಾಗಿದ್ದರೆ, ಅಮ್ಮನ ಕೈ ಆ ಮೂಲೆಗೆ ಹೋಗುತ್ತಲೇ ಇರಲಿಲ್ಲ. ಇಷ್ಟು ಸಣ್ಣ ವಿಷಯಗಳಿಗೆ ಸಿಕ್ಕಿಕೊಂಡು ಒಂದು ಮನೆ ನಿಂತಿರುತ್ತದೆ ಎಂದು ಯೋಚಿಸಿದರೆ ನನಗೆ ಈಗಲೂ ರೇಗುತ್ತದೆ. ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಅಮ್ಮ ಕೌದಿಯನ್ನು ಮುಗಿಸಿದರು. ಬಿಚ್ಚಿದ ಮೂಲೆಯೊಂದು ಉಳಿದಿತ್ತು. ಅದನ್ನು ಹೊಲಿಯುವ ಮೊದಲು ಗಿರಿಜತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿದರು. "ಅತ್ತಿಗೆ, ಆ ಹಳೇ ಸೂಜೀನ ಒಳಗಿಟ್ಟೇ ಹೊಲೀರಿ."

ಅಮ್ಮ ಬೇಡವೆಂದು ತಲೆ ಅಲ್ಲಾಡಿಸಿದರು.

"ನಿಮ್ಮ ಮಗಳ ಮೊಣಕಾಲು ವಾಸಿ ಆಯ್ತು ಅತ್ತಿಗೆ. ನಂಗೆ ಆಗಿದ್ದು ವಾಸಿ ಆಗೋ ಅಂಥದ್ದಲ್ಲ."

"ಗೊತ್ತು ಗಿರಿಜಾ. ಆದ್ರೂ ನನ್ನ ಕೈಯಲ್ಲಿ ಆಗಲ್ಲ."

ಅಮ್ಮನ ಕಣ್ಣು ತುಂಬಿತ್ತು, ಆದರೆ ಮಾತು ಬದಲಾಗಲಿಲ್ಲ. ಬಾಣಂತನ ಮುಗಿಸಿ ಗಿರಿಜತ್ತೆ ಹೊಸನಗರಕ್ಕೆ ಹೊರಟಾಗ ಮಗುವನ್ನು ಅಪ್ಪನ ಶಾಲಿನಲ್ಲಿ ಸುತ್ತಿಕೊಂಡರು. ಕೌದಿ ಮಂಚದ ಮೇಲೆ ಮಡಚಿಟ್ಟಲ್ಲೇ ಇತ್ತು. ಯಾರೂ ಮರೆತದ್ದಲ್ಲ. ಮಗಳಿಗೆ ಸಹಾಯಕ್ಕೆಂದು ಅಜ್ಜಿಯೂ ಜೊತೆಗೆ ಹೊರಟರು, ಒಂದು ತಿಂಗಳ ಮಟ್ಟಿಗೆ ಎಂದು. ಹೋಗುವಾಗ ತಮ್ಮ ಕಂಬಳಿಯನ್ನೂ ಒಯ್ದರು. ಅದನ್ನು ನೋಡಿ ಅಮ್ಮ ಏನೋ ಹೇಳಲು ಬಾಯಿ ತೆರೆದು, ಬುತ್ತಿ ಕಟ್ಟಿದ್ದೇನೆ, ಬಸ್ಸಿನಲ್ಲಿ ತಿನ್ನಿ ಎಂದಷ್ಟೇ ಅಂದರು. ಆಮೇಲೆ ಅಜ್ಜಿ ನಮ್ಮ ಮನೆಗೆ ಹಬ್ಬಕ್ಕೆ ಮಾತ್ರ ಬರುತ್ತಿದ್ದರು, ನೆಂಟರ ಹಾಗೆ. ಬಂದಾಗ ಅತ್ತೆ ಸೊಸೆ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಯಾವ ಸಾಮಾನೂ ಇದ್ದ ಜಾಗದಿಂದ ಕದಲುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ಹೊಸನಗರದಲ್ಲೇ ತೀರಿಕೊಂಡರು. ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿದರು. ಆ ಕಿಟಕಿಯ ಪಕ್ಕ ಈಗ ಯಾರದೋ ರೇಡಿಯೋ ಇದೆಯಂತೆ.

ಗಿರಿಜತ್ತೆಯ ಮಗಳು ಚೆನ್ನಾಗಿ ಬೆಳೆದಳು. ಹೊಸನಗರದಲ್ಲಿ ಅಜ್ಜಿ ಅವಳ ಹಾಸಿಗೆಯಲ್ಲಿ ಏನಾದರೂ ಇಟ್ಟಿದ್ದರೋ ಇಲ್ಲವೋ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಇಬ್ಬರಲ್ಲಿ ಯಾರು ಸರಿ ಎನ್ನುವುದಕ್ಕೆ ಆ ಹುಡುಗಿ ಯಾವ ಸಾಕ್ಷಿಯನ್ನೂ ಕೊಡಲಿಲ್ಲ. ಎಲ್ಲ ಮಕ್ಕಳ ಹಾಗೆ ಜ್ವರ ಬಂದು, ಜ್ವರ ಬಿಟ್ಟು, ಉದ್ದವಾದಳು. ಹೋದ ದಸರಾ ರಜೆಗೆ ಸಾಗರದ ನಮ್ಮ ಈಗಿನ ಮನೆಗೆ ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಮುದುಡಿ ಮಲಗಿದಾಗ, ಚಳಿ ಎಂದಳು. ಅಮ್ಮ ಒಳಗೆ ಹೋಗಿ, ಟ್ರಂಕು ತೆಗೆದು ಆ ಪುಟ್ಟ ಕೌದಿಯನ್ನು ತಂದು ಅವಳ ಮೇಲೆ ಹೊದಿಸಿದರು. ಅದು ಅವಳ ಮೊಣಕಾಲಿನವರೆಗೂ ಬರಲಿಲ್ಲ. ಅವಳು ಅದನ್ನು ಎದೆಯವರೆಗೆ ಎಳೆದುಕೊಂಡು, ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಬಿಚ್ಚಿದ ಹಾಗೇ ಉಳಿದಿದ್ದ ಮೂಲೆಯೊಳಗೆ ಬೆರಳು ತೂರಿಸಿದಳು.

"ಅತ್ತೆ, ಇದೊಂದ್ಯಾಕೆ ಹೊಲಿದಿಲ್ಲ?"

ಅಮ್ಮನಿಗೆ ಬರದ ಹೊಲಿಗೆ ಇರಲಿಲ್ಲ. ಅವರು ಅವಳ ಪಕ್ಕ ಕೂತು, ಹೊರಗೆ ಉಳಿದಿದ್ದ ಪಾದಗಳ ಮೇಲೆ ತಮ್ಮ ಸೆರಗನ್ನು ಎಳೆದು ಮುಚ್ಚಿದರು.

"ಮೂಲೆ ಹೊಲಿಯೋದು ನಿನ್ನ ಅಜ್ಜಿ ಕೆಲ್ಸ ಮಗಾ" ಎಂದರು. "ನಂಗೆ ಬರೋದಿಲ್ಲ."